ಕ್ವಾಲಾಲಂಪುರದಲ್ಲಿ ನಾನು ಹಚ್ಚಿದ ದೀಪ

ಅಕ್ಷತಾ, ವೀರೇಶ, ಇಬ್ಬರಿಗೂ ಕೂಡಿಸಿ ಬರೆಯುತ್ತಿದ್ದೇನೆ. ಊರಿಗೆ ಬಂದ ಮೇಲೆ ಇದನ್ನೆಲ್ಲ ಬಾಯಿಂದ ಹೇಳುವುದು ನನ್ನಿಂದಾಗದ ಕೆಲಸ. ನಾಲ್ಕು ಜನ ಎದುರು ಕೂತರೆ ನನ್ನ ಗಂಟಲು ಕಟ್ಟುತ್ತದೆ. ಮೇಲಾಗಿ ನಿಮ್ಮಪ್ಪ ನಡುವೆ ಬಾಯಿ ಹಾಕಿ, "ಆ ಜೋಡಿ ಗೋಪುರ ನೋಡಿದೇನಬೇ?" ಎಂದು ಕೇಳುತ್ತಾನೆ. ನೋಡಿದೆ. ಎತ್ತರವಾಗಿವೆ. ಅದು ಅಲ್ಲಿಗೆ ಮುಗಿಯಿತು. ನಾನು ಬರೆಯಬೇಕಾಗಿರುವುದು ಒಂದು ದೀಪದ ವಿಚಾರ.

ಮೊದಲು ನಿಮ್ಮ ಅಜ್ಜನ ಸಂಗತಿ. ನಾನು ಹುಟ್ಟುವ ಮೊದಲು ಲೋಕವೆಲ್ಲ ಸೇರಿ ಒಂದು ದೊಡ್ಡ ಯುದ್ಧ ಮಾಡಿತು. ಸಾಯುವವರೆಲ್ಲ ಸತ್ತ ಮೇಲೆ ಉಳಿದ ದೊಡ್ಡ ದೇಶಗಳವರು ಮೇಜಿನ ಸುತ್ತ ಕೂತು, ಇನ್ನು ಹೀಗಾಗಬಾರದು ಎಂದು ಆಣೆ ಮಾಡಿ, ಶಾಂತಿ ಕಾಯಲು ಒಂದು ವ್ಯವಸ್ಥೆ ಕಟ್ಟಿದರು. ಕೋವಿ ಮಾರುವ ಅಂಗಡಿಯನ್ನು ಮಾತ್ರ ಯಾರೂ ಮುಚ್ಚಲಿಲ್ಲ. ಹೀಗಾಗಿ ಆಣೆಯೂ ಉಳಿಯಿತು, ಜಗಳವೂ ಉಳಿಯಿತು. ಎಲ್ಲಿ ಇಬ್ಬರು ಹೊಡೆದಾಡಿ ದಣಿಯುತ್ತಾರೋ ಅಲ್ಲಿಗೆ ಮೂರನೆಯವರ ಮನೆಯ ಗಂಡುಮಕ್ಕಳಿಗೆ ನೀಲಿ ಟೋಪಿ ಹಾಕಿ ಕಳಿಸುವುದು, ನಡುವೆ ನಿಲ್ಲಿಸುವುದು. ಕೈಯಲ್ಲಿ ಬಂದೂಕು ಇರುತ್ತದೆ, ಆದರೆ ಆದಷ್ಟು ಹಾರಿಸಬಾರದು. ಹಾಗೆ ಹೋದವರಲ್ಲಿ ನಿಮ್ಮ ಅಜ್ಜನೂ ಒಬ್ಬರು. ಆಫ್ರಿಕದ ಒಂದು ದೇಶ. ನಿಮ್ಮಪ್ಪ ಆಗ ಹತ್ತನೇ ಇಯತ್ತೆ.

ಅಜ್ಜನ ಕೈಗೆ ಕೊಟ್ಟದ್ದು ನೀರಿನ ಟ್ಯಾಂಕರು. ನದಿಯ ಈ ದಂಡೆಯವರು ಆ ದಂಡೆಗೆ ಕಾಲಿಡುವಂತಿಲ್ಲ, ಅವರು ಈಚೆಗೆ ಬರುವಂತಿಲ್ಲ. ನದಿಯ ನೀರು ಹೆಣ ಬಿದ್ದು ಕೆಟ್ಟಿತ್ತು. ಅಜ್ಜ ಟ್ಯಾಂಕರನ್ನು ಸೇತುವೆಯ ಮಧ್ಯೆ ನಿಲ್ಲಿಸಿ ಎರಡೂ ಕಡೆ ನಳ ಬಿಡುತ್ತಿದ್ದರು. ಒಂದು ಮಳೆಗೆ ಸೇತುವೆ ಕುಸಿಯಿತು. ಟ್ಯಾಂಕರಿನ ಜೊತೆ ಅವರೂ ಹೋದರು. ಆಮೇಲೆ ನಮ್ಮ ಮನೆಗೆ ಒಂದು ಪೆಟ್ಟಿಗೆ, ಒಂದು ಪದಕ, ಒಂದು ನೀಲಿ ಟೋಪಿ ಬಂದವು.

ಈಗ ಇಷ್ಟು ವರ್ಷದ ಮೇಲೆ ಮಲೇಷ್ಯಾದಿಂದ ಕರೆ ಬಂತು. ಯುದ್ಧ ಮುಗಿದ ಮೇಲೆ ಶಾಂತಿ ಬಾಳುವಂತೆ ಮಾಡುವುದು ಹೇಗೆ ಎಂದು ಮಾತಾಡಲು ಹಲವು ದೇಶಗಳವರು ಸೇರುತ್ತಾರೆ, ಶಾಂತಿ ಕಾಯಲು ಹೋಗಿ ಸತ್ತವರ ಪೈಕಿ ಒಬ್ಬರ ಹೆಂಡತಿ ಬಂದು ದೀಪ ಹಚ್ಚಿ ಸಭೆ ಶುರು ಮಾಡಬೇಕು, ನೀವು ಬನ್ನಿ ಎಂದು. ನಿಮ್ಮಪ್ಪ, "ನೀ ಹೋಗಾಕಿ ಅಲ್ಲ ಬಿಡು" ಎಂದ. ನಾನು ಹೋಗುತ್ತೇನೆ ಎಂದೆ. ಕುಡಿಯುತ್ತಿದ್ದ ನೀರು ಅವನ ನೆತ್ತಿಗೇರಿತು.

ಯಾಕೆ ಹೋಗುತ್ತೇನೆ ಎಂದೆನೋ ಅದು ಅಕ್ಷತಾಗೆ ಗೊತ್ತಾಗಬೇಕು. ಗಂಡ ಹೋದಾಗಿನಿಂದ ನಮ್ಮ ಮನೆಯ ಯಾವ ಶುಭಕಾರ್ಯದ ದೀಪವನ್ನೂ ನನ್ನ ಕೈಗೆ ಕೊಟ್ಟಿಲ್ಲ. ನಿನ್ನ ಸೋದರತ್ತೆಯ ಮದುವೆಯಲ್ಲಿ ನಾನು ಉಗ್ರಾಣದಲ್ಲಿ ಬೆಲ್ಲ ಒಡೆಯುತ್ತಿದ್ದೆ. ಮೊನ್ನೆ ನಿನ್ನ ನಿಶ್ಚಯದ ದಿನ ನೀನು "ಅಜ್ಜಿ ಎಲ್ಲಿ, ಅಜ್ಜಿ ಎಲ್ಲಿ" ಎಂದು ಹುಡುಕಿದೆ. ನಾನು ಅಡುಗೆಮನೆಯ ಬಾಗಿಲ ಸಂದಿಯಲ್ಲಿದ್ದೆ. ಯಾರೂ ನನಗೆ ಬೈದು ನಿಲ್ಲಿಸಿದ್ದಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಈಗ ದೇಶದೇಶಗಳ ಜನ ಕೂಡಿ, ನಿನ್ನ ಕೈಯಿಂದಲೇ ದೀಪ ಹಚ್ಚಬೇಕು ಎಂದು ಕರೆದರೆ, ಅದನ್ನು ಹಚ್ಚಿಯೇ ಬರಬೇಕು ಅನ್ನಿಸಿತು.

ಇಳಿದ ದಿನ

ವಿಮಾನ ನಿಲ್ದಾಣದಲ್ಲಿ ನನ್ನ ಖಡಕ್ ರೊಟ್ಟಿಯ ಗಂಟನ್ನು ಅಧಿಕಾರಿಯೊಬ್ಬ ಬಿಚ್ಚಿಸಿದ. ಒಂದು ರೊಟ್ಟಿ ಎತ್ತಿ ಮೇಜಿಗೆ ಬಡಿದ. ಟಣ್ ಎಂದಿತು. ಇನ್ನೊಬ್ಬನನ್ನು ಕರೆದು ತೋರಿಸಿದ, ಅವನೂ ಬಡಿದ. ತಿನ್ನುವ ಪದಾರ್ಥವೆಂದು ನಂಬಿಸಲು ನಾನು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಸಾಲಿನಲ್ಲಿದ್ದವರೆಲ್ಲ ನಾನು ಅಗಿಯುವ ಸದ್ದು ಕೇಳುತ್ತ ನಿಂತರು. ಬಿಟ್ಟರು.

ಮುಂದೆ ಬಚ್ಚಲಮನೆ ಎಲ್ಲಿ ಎಂದು ಕೈಸನ್ನೆಯಲ್ಲಿ ಕೇಳಿದೆ. ಸಮವಸ್ತ್ರದ ಹುಡುಗಿಯೊಬ್ಬಳು ಮುಷ್ಟಿ ಕಟ್ಟಿ ಹೆಬ್ಬೆರಳು ತೋರಿಸಿದಳು. ನಮ್ಮಲ್ಲಿ ಹೆಬ್ಬೆರಳು ಆಡಿಸಿದರೆ ನಿನಗೆ ಏನೂ ಸಿಗುವುದಿಲ್ಲ ಹೋಗು ಎಂದರ್ಥ. ಇಷ್ಟು ದೂರ ಬಂದದ್ದು ಇದಕ್ಕಾಗಿಯೇ ಎಂದು ಕಸಿವಿಸಿಯಾಗಿ ಇನ್ನೊಬ್ಬಳನ್ನು ಕೇಳಿದರೆ ಅವಳೂ ಹೆಬ್ಬೆರಳು ತೋರಿಸಿ ನಕ್ಕಳು. ಅಷ್ಟರಲ್ಲಿ ನನ್ನ ಹೆಸರಿನ ಹಲಗೆ ಹಿಡಿದ ಹೆಣ್ಣುಮಗಳೊಬ್ಬಳು ಓಡಿ ಬಂದಳು.

"ಅವ್ವಾರ, ಇಲ್ಲಿ ತೋರಬೆರಳು ಮಾಡಿ ತೋರಿಸಿದ್ರ ಸೊಕ್ಕು ಅಂತಾರ್ರಿ. ಅದಕ್ಕ ಹೆಬ್ಬೆರಳು. ಅಗೋ ಅಲ್ಲೇ ಐತಿ, ನಡೀರಿ."

ಹೀಗೆ ಸಿಕ್ಕವಳು ನಸ್ರೀನ್. ಹುಬ್ಬಳ್ಳಿಯವಳು, ಮೆಲಾಕಾ ಎಂಬ ಊರಿನ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಸಭೆಯವರಿಗೆ ಫ್ರೆಂಚ್, ಅರಬ್ಬೀ, ಚೀನೀ ಎಲ್ಲ ಮಾತಿನ ದುಭಾಷಿಗಳು ಸಿಕ್ಕಿದ್ದರಂತೆ. ಕನ್ನಡಕ್ಕೆ ಯಾರೂ ಸಿಗದೆ ಇವಳನ್ನು ಹುಡುಕಿ ಹಿಡಿದಿದ್ದರು. ಕಾರಿನಲ್ಲಿ ಕೂತೊಡನೆ ಒಂದು ರೊಟ್ಟಿ ಕೇಳಿ ಇಸಿದುಕೊಂಡು, ಶೇಂಗಾ ಚಟ್ನಿ ಹಚ್ಚಿಕೊಂಡು, ದಾರಿಯುದ್ದಕ್ಕೂ ಮಾತಿಲ್ಲದೆ ತಿಂದಳು. ಎರಡೂ ಕಡೆ ತಾಳೆ ಮರಗಳು, ಸಾಲು ತಪ್ಪದೆ ನಿಂತಿದ್ದವು. ಇವಳ ಜೊತೆ ನನಗೆ ನಾಚಿಕೆಯಾಗುವುದಿಲ್ಲ ಎಂದು ಆಗಲೇ ಗೊತ್ತಾಯಿತು.

ನಾಲ್ಕಿಲ್ಲದ ಹೋಟೆಲು

ನನ್ನ ಕೋಣೆ ಇದ್ದದ್ದು ಮೂರನೆಯದರ ಮೇಲಿನ ಅಂತಸ್ತಿನಲ್ಲಿ. ಲಿಫ್ಟಿನಲ್ಲಿ ನಾಲ್ಕರ ಗುಂಡಿ ಹುಡುಕಿದರೆ ಇಲ್ಲ. ಮೂರು, ಆಮೇಲೆ ಇಂಗ್ಲಿಷಿನಲ್ಲಿ "ಮೂರು ಎ", ಆಮೇಲೆ ಐದು. ಯಾಕೆ ಎಂದು ನಸ್ರೀನಳನ್ನು ಕೇಳಿದೆ. ಇಲ್ಲಿ ಚೀನೀ ಜನ ಬಹಳ, ಅವರಿಗೆ ನಾಲ್ಕು ಎಂದರೆ ಸಾವಿನ ಅಂಕಿ, ಅದಕ್ಕೆ ಕಟ್ಟಡ ಕಟ್ಟುವವರೇ ಅದನ್ನು ಬಿಟ್ಟುಬಿಡುತ್ತಾರೆ ಎಂದಳು.

"ಅಂತಸ್ತು ಐತಿ, ಅಂಕಿ ಇಲ್ಲ?"

"ಹೌದ್ರಿ. ಅಂತಸ್ತು ಎಲ್ಲಿ ಹೋಗ್ತದ? ಹೆಸರಷ್ಟ ಬದಲಿ."

ನನಗೆ ನಗು ಬಂತು. ಮುಗಿಲಿಗೆ ಮುಟ್ಟುವ ಕಟ್ಟಡ, ಗಾಜಿನ ಗೋಡೆ, ತಾನಾಗಿಯೇ ತೆರೆಯುವ ಬಾಗಿಲು, ಆದರೂ ಎದೆಯೊಳಗೆ ನಾಲ್ಕರ ಅಂಜಿಕೆ. ನನ್ನ ಹಾಗೆಯೇ ಈ ನಾಲ್ಕೂ. ಮನೆಯಲ್ಲಿ ಇರಬಹುದು, ಎದುರಿಗೆ ಬರಬಾರದು.

ಹೋಟೆಲಿನ ತುಂಬ ಶಾಂತಿಯ ಜನ. ಎಲ್ಲರ ಕೊರಳಲ್ಲೂ ಪಟ್ಟಿ, ಪಟ್ಟಿಯಲ್ಲಿ ಫೋಟೊ, ಒಬ್ಬರಿಗೊಬ್ಬರು ಮುಖ ನೋಡುವ ಮೊದಲು ಪಟ್ಟಿ ನೋಡುತ್ತಾರೆ. ದೊಡ್ಡ ಹೆಸರಾದರೆ ಕೈ ಕೊಡುತ್ತಾರೆ, ಸಣ್ಣದಾದರೆ ಮುಗುಳ್ನಗೆ. ನನ್ನ ಪಟ್ಟಿಯಲ್ಲಿ ಹೆಸರಿನ ಕೆಳಗೆ "ಹುತಾತ್ಮನ ಪತ್ನಿ" ಎಂದಿತ್ತಂತೆ. ಅದನ್ನು ಓದಿದವರೆಲ್ಲ ತಲೆಯನ್ನು ಒಂದು ಕಡೆ ವಾಲಿಸಿ, ಎದೆಯ ಮೇಲೆ ಕೈ ಇಟ್ಟು, ಹಾಗೆಯೇ ಚಹಾದ ಕಡೆಗೆ ಸಾಗುತ್ತಿದ್ದರು. ತಂಪು ಮಾಡುವ ಯಂತ್ರವನ್ನು ಎಷ್ಟು ಜೋರಾಗಿ ಬಿಟ್ಟಿದ್ದರೆಂದರೆ, ನಾನು ಎರಡು ಸೀರೆ ಒಂದರ ಮೇಲೊಂದು ಹೊದ್ದು ಕೂತೆ. ಹೊರಗೆ ಬೆವರು ಸುರಿಯುವ ಊರು. ಒಳಗೆ ಕೋಟು ಹಾಕಿಕೊಂಡು ಲೋಕ ಬಿಸಿಯಾಗುತ್ತಿದೆ ಎಂದು ಮಾತಾಡುತ್ತಿದ್ದರು.

ಅಜ್ಜ ಸತ್ತ ದೇಶದಿಂದಲೂ ಇಬ್ಬರು ಬಂದಿದ್ದರು. ನದಿಯ ಈ ದಂಡೆಯವರ ಕಡೆಯಿಂದ ಹಸಿರು ಟೈ ಕಟ್ಟಿದವನೊಬ್ಬ, ಆ ದಂಡೆಯ ಕಡೆಯಿಂದ ಬಿಳಿ ನಿಲುವಂಗಿಯವನೊಬ್ಬ. ಜಗಳ ಅಲ್ಲಿ ಇನ್ನೂ ಮುಗಿದಿಲ್ಲ, ನಡುನಡುವೆ ನಿಲ್ಲುತ್ತದೆ. ಸಭಾಂಗಣದೊಳಗೆ ಮೊದಲು ಯಾರು ಕಾಲಿಡಬೇಕೆಂದು ಇಬ್ಬರಿಗೂ ಹಟ. ಮದುವೆ ಪಂಕ್ತಿಯಲ್ಲಿ ಮೊದಲ ಎಲೆ ತನಗೇ ಬೇಕೆನ್ನುವ ಬೀಗರನ್ನು ನೀವು ನೋಡಿದ್ದೀರಲ್ಲ, ಅದೇ ಜಾತಿ. ಕೊನೆಗೆ ಎರಡು ಬಾಗಿಲು ತೆರೆದು, ಇಬ್ಬರನ್ನೂ ಒಂದೇ ಹೊತ್ತಿಗೆ ಒಳಗೆ ಬಿಟ್ಟರು. ಇದೊಂದನ್ನು ಸಾಧಿಸಲು ಅರ್ಧ ದಿನ ಹೋಯಿತು. ಸಾಧಿಸಿದವರು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು.

ತಾಲೀಮು

ಸಭೆಯ ಹಿಂದಿನ ದಿನ ದೀಪ ಹಚ್ಚುವ ತಾಲೀಮು. ದೀಪದ ಕಂಬ ತಂದವರು ವಿಶಾಲಾಕ್ಷಿ ಎಂಬ ಮೈಸೂರಿನ ಕಡೆಯ ಹೆಂಗಸು. ಬಾಂಗ್ಸಾರ್ ಎನ್ನುವ ಉಳ್ಳವರ ಬಡಾವಣೆಯಲ್ಲಿ ಮನೆ, ಅಲ್ಲಿನ ನಮ್ಮ ಜನರ ಮಹಿಳಾ ಸಂಘಕ್ಕೆ ಮುಖಂಡರು. ಕಂಬ ನಿಜವಾಗಿಯೂ ಚಂದವಿತ್ತು. ಎದೆಮಟ್ಟ ಎತ್ತರ, ಹಿತ್ತಾಳೆ, ಮಲ್ಲಿಗೆ ಸುತ್ತಿ ಅರಿಸಿನ ಕುಂಕುಮ ಇಟ್ಟಿದ್ದರು. ನಾನು ಅದನ್ನೇ ನೋಡುತ್ತ ನಿಂತಿದ್ದೆ. ವಿಶಾಲಾಕ್ಷಿಯವರು ನನ್ನ ಬರಿಯ ಹಣೆ ನೋಡಿದರು.

"ದೀಪ ಹಚ್ಚೋರು ಇವ್ರಾ?" ಎಂದು ನಸ್ರೀನಳನ್ನು ಕೇಳಿದರು.

"ಹೌದ್ರಿ ಮೇಡಂ. ಇವರ ಸಲುವಾಗೇ ಕಾರ್ಯಕ್ರಮ."

ವಿಶಾಲಾಕ್ಷಿಯವರು ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದರು. ಕೈ ಮೆತ್ತಗಿತ್ತು, ಮಾತೂ ಮೆತ್ತಗೇ. "ಅಮ್ಮ, ತಪ್ಪು ತಿಳ್ಕೋಬೇಡಿ. ಪರ್ಸನಲಿ ನಾನು ಇದನ್ನೆಲ್ಲ ನಂಬೋದೇ ಇಲ್ಲ. ಆದ್ರೆ ಇದು ಇನಾಗರೇಷನ್ ನೋಡಿ, ಮಂಗಳ ಕಾರ್ಯ. ನಮ್ಮ ಸಂಘದವರು ಐವತ್ತು ಜನ ಕೂತಿರ್ತಾರೆ. ಯಾರಾದ್ರೂ ಏನಾದ್ರೂ ಅಂದ್ರೆ ನಿಮಗೇ ಬೇಜಾರು. ಹಚ್ಚೋದು ಒಬ್ಬ ಸುಮಂಗಲಿ ಹಚ್ಚಲಿ, ನೀವು ಪಕ್ಕದಲ್ಲೇ ನಿಂತ್ಕೊಳಿ, ಫೋಟೊದಲ್ಲೂ ಬರ್ತೀರ."

ತಲೆಯಾಡಿಸಿಬಿಟ್ಟೆ. ಎಷ್ಟು ವರ್ಷದ ರೂಢಿಯೋ, ತಲೆ ತಾನಾಗಿಯೇ ಆಡುತ್ತದೆ.

ನಸ್ರೀನ್ ಬಿಡಲಿಲ್ಲ. ಸಭೆ ನಡೆಸುವ ಹೆಲೆನ್ ಎಂಬ ಬಿಳಿಯ ಹೆಂಗಸನ್ನು ಕರೆತಂದಳು. ಹೆಲೆನ್ ಉದ್ದನೆಯ ಆಳು, ಯಾರು ಏನು ಹೇಳಿದರೂ ಹುಬ್ಬು ಮೇಲೇರಿಸಿ ಪೂರ್ತಿ ಕೇಳುತ್ತಾಳೆ. ವಿಶಾಲಾಕ್ಷಿಯವರು ಇಂಗ್ಲಿಷಿನಲ್ಲಿ, ಇದು ನಮ್ಮ ಸಂಪ್ರದಾಯ, ಸೂಕ್ಷ್ಮ ವಿಷಯ ಎಂದರು. ಹೆಲೆನ್ ಒಮ್ಮೆಲೇ ಎದೆಯ ಮೇಲೆ ಕೈ ಇಟ್ಟಳು. ನಿಮ್ಮ ಸಂಸ್ಕೃತಿಯ ಬಗ್ಗೆ ನಮಗೆ ಬಹಳ ಗೌರವವಿದೆ, ಹಾಗೆಯೇ ಆಗಲಿ ಎಂದಳು. ಹಿಂದೆ ನಿಂತಿದ್ದ ನಾಲ್ಕು ದೇಶದವರೂ ತಲೆಯಾಡಿಸಿದರು. ಹಸಿರು ಟೈ, ಬಿಳಿ ನಿಲುವಂಗಿ ಇಬ್ಬರೂ ಆಡಿಸಿದರು. ಬಾಗಿಲಿಗಾಗಿ ಅರ್ಧ ದಿನ ಜಗಳವಾಡಿದ ಮಂದಿ ಈ ಒಂದು ವಿಷಯದಲ್ಲಿ ಕಣ್ಣುಮುಚ್ಚಿ ತೆರೆಯುವುದರೊಳಗೆ ಒಂದಾದರು. ವಿಧವೆ ಎಂದೇ ವಿಮಾನ ಹತ್ತಿಸಿ ಕರೆಸಿದರು, ವಿಧವೆ ಎಂದೇ ಪಕ್ಕಕ್ಕೆ ನಿಲ್ಲಿಸಿದರು. ನಮ್ಮ ಊರಿನವರು ಎಷ್ಟೋ ವಾಸಿ, ಅವರು ಖರ್ಚು ಮಾಡದೆ ಪಕ್ಕಕ್ಕೆ ನಿಲ್ಲಿಸುತ್ತಾರೆ.

ಮಾಮಾಕ್ ಅಂಗಡಿ

ಸಂಜೆ ನಸ್ರೀನ್ ನನ್ನನ್ನು ಹೋಟೆಲಿನ ಹಿಂದಿನ ಬೀದಿಯ ಒಂದು ಮಾಮಾಕ್ ಅಂಗಡಿಗೆ ಕರೆದುಕೊಂಡು ಹೋದಳು. ತಮಿಳು ಮುಸಲ್ಮಾನರ ಖಾನಾವಳಿ ಅಂದುಕೊಳ್ಳಿ. ಬಾಗಿಲೇ ಇಲ್ಲ, ಬೀದಿಗೆಲ್ಲ ಮೇಜು ಚಾಚಿರುತ್ತಾರೆ. ಚಹಾವನ್ನು ಒಂದು ಮಗ್ಗಿನಿಂದ ಇನ್ನೊಂದಕ್ಕೆ ಮಾರುದ್ದ ಎಳೆದು ಸುರಿಯುತ್ತಾರೆ, ಒಂದು ಹನಿ ಚೆಲ್ಲುವುದಿಲ್ಲ. ಪರೋಟವನ್ನು ಗಾಳಿಯಲ್ಲಿ ಸೆರಗಿನ ಹಾಗೆ ಬೀಸುತ್ತಾರೆ. ಎಲ್ಲ ಜಾತಿಯ ಜನ, ಯಾರ ಮೇಜಿಗೆ ಯಾರು ಬೇಕಾದರೂ ಬಂದು ಕೂರುತ್ತಾರೆ. ಮೊದಲು ಯಾರು ಕೂರಬೇಕೆಂದು ಅಲ್ಲಿ ಯಾರೂ ಸಭೆ ಕರೆದಿರಲಿಲ್ಲ.

ನಸ್ರೀನ್ ಸಿಟ್ಟಿನಲ್ಲಿದ್ದಳು. ಪರೋಟವನ್ನು ಹರಿಯುವ ರೀತಿಯಲ್ಲೇ ಗೊತ್ತಾಗುತ್ತಿತ್ತು.

"ನೀವ್ಯಾಕ ತಲಿ ಅಳ್ಳಾಡಿಸಿದ್ರಿ ಅವ್ವಾರ?"

"ಅವರ ಕಂಬ, ಅವರ ಎಣ್ಣಿ. ನಾ ಏನ್ ಅನ್ನಲವ್ವ."

"ನಮ್ಮಪ್ಪ ತೀರಿಕೊಂಡಾಗ ನಮ್ಮವ್ವನ್ನೂ ನಾಕ್ ತಿಂಗಳ ಹತ್ತ ದಿನ ಮನಿಯೊಳಗ ಕೂಡಿಸಿದ್ರು. ನಮ್ಮಲ್ಲಿ ಅದು ಪದ್ಧತಿ. ಅದು ಮುಗಿದ ಮರುದಿನ ನಮ್ಮವ್ವ ಎದ್ದು ದುರ್ಗದಬೈಲ್ ಬಜಾರಕ್ಕ ಹೋಗಿ ಗಿರಮಿಟ್ ತಿಂದು ಬಂದಳು. ನಿಮ್ಮದು ಎಂದ ಮುಗೀತದ್ರಿ?"

ನಾನು ಚಹಾ ಕುಡಿದೆ. ಮೂವತ್ತು ವರ್ಷದಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ನಮ್ಮ ಕಡೆ ಅದಕ್ಕೆ ಶುರುವಾತು ಮಾತ್ರ ಇದೆ.

"ಮುಗೀದ ಇದ್ರ ನಾವ ಮುಗಸ್ಬೇಕ್ರಿ," ಎಂದು ಅವಳೇ ಹೇಳಿ, ಉಳಿದ ಪರೋಟ ಕಟ್ಟಿಸಿಕೊಳ್ಳಲು ಅಂಗಡಿಯವನಿಗೆ "ತಪಾವ್" ಎಂದು ಕೂಗಿದಳು. ಉಳಿದದ್ದನ್ನು ಕಟ್ಟಿಸಿ ಒಯ್ಯುವುದಕ್ಕೆ ಅಲ್ಲಿಯ ಮಾತು ಅದು. ಅಲ್ಲಿ ಯಾರೂ ನಾಚುವುದಿಲ್ಲ, ಕೋಟು ಹಾಕಿದವರೂ ಕಟ್ಟಿಸಿಕೊಳ್ಳುತ್ತಾರೆ.

ಶಾಂತಿಯ ದಿನ

ಬೆಳಿಗ್ಗೆ ಸಭಾಂಗಣಕ್ಕೆ ಹೋದರೆ ವೇದಿಕೆಯ ಮೇಲೆ ಗದ್ದಲ. ವಿಶಾಲಾಕ್ಷಿಯವರ ಮುಖ ಸಣ್ಣಗಾಗಿತ್ತು. ಕಂಬದ ಮೇಲಿನ ಬತ್ತಿ, ಎಣ್ಣೆ ಎಲ್ಲ ತೆಗೆದು, ಅಲ್ಲಿ ಪ್ಲಾಸ್ಟಿಕ್ಕಿನ ಐದು ಪುಟ್ಟ ದೀಪ ಕೂರಿಸಿದ್ದರು. ಹೋಟೆಲಿನ ಒಳಗೆ ಬೆಂಕಿ ಹಚ್ಚುವಂತಿಲ್ಲ, ಹಚ್ಚಿದರೆ ಮಾಡಿನಿಂದ ನೀರು ಸುರಿಯುತ್ತದೆ ಎಂದು ಮ್ಯಾನೇಜರ ಹೇಳಿದನಂತೆ. ಬ್ಯಾಟರಿ ಹಾಕಿದ ದೀಪ, ಬುಡದಲ್ಲಿ ಒಂದು ಗುಂಡಿ. ಒತ್ತಿದರೆ ಜ್ವಾಲೆಯ ಆಕಾರದ ಬಲ್ಬು ನಡುಗುವಂತೆ ಮಾಡಿ ಉರಿಯುತ್ತದೆ.

ವಿಶಾಲಾಕ್ಷಿಯವರು ನನ್ನನ್ನು ಕಂಡೊಡನೆ ಬಳಿಗೆ ಬಂದರು. ಸಣ್ಣಗಾಗಿದ್ದ ಮುಖ ಈಗ ಅರಳಿತು. "ಅಮ್ಮ, ದೇವರು ದೊಡ್ಡವನು. ಇದು ಬಲ್ಬು ಅಲ್ವಾ, ಅಗ್ನಿ ಅಲ್ಲ. ಹಾಗಾಗಿ ಶಾಸ್ತ್ರದ ತೊಂದ್ರೆ ಇಲ್ಲ. ನೀವೇ ಒತ್ತಬಹುದು."

ಎಲ್ಲರೂ ಸರಿದು ನನಗೆ ದಾರಿ ಬಿಟ್ಟರು. ಹೆಲೆನ್ ಎದೆಯ ಮೇಲೆ ಕೈ ಇಟ್ಟಳು. ಎದುರಿಗೆ ದೇಶದೇಶಗಳ ಜನ, ಅವರ ಹಿಂದೆ ಸಂಘದ ಐವತ್ತು ಹೆಂಗಸರು, ಕ್ಯಾಮೆರಾಗಳು. ಮುಂದಿನ ಸಾಲಿನಲ್ಲಿ ಒಬ್ಬ ಮಂತ್ರಿ ಗಡಿಯಾರ ನೋಡುತ್ತಿದ್ದ. ಗೋಡೆಯ ಮೇಲೆ ಅಜ್ಜನ ಫೋಟೊ ದೊಡ್ಡದಾಗಿ ಮೂಡಿತ್ತು. ಕೆಳಗೆ ಇಂಗ್ಲಿಷಿನಲ್ಲಿ ಬರೆದಿದ್ದರು, ನಸ್ರೀನ್ ಓದಿ ಹೇಳಿದಳು: ಶಾಂತಿಗಾಗಿ ಗುಂಡೇಟಿಗೆ ಎದೆಯೊಡ್ಡಿದ ವೀರ.

ನಾನು ಗುಂಡಿಯ ಹತ್ತಿರ ಬೆರಳು ಒಯ್ದೆ. ಒತ್ತಲು ಮನಸ್ಸು ಬರಲಿಲ್ಲ. ನನ್ನ ಬಾಯಿಂದ ಮಾತು ಹೊರಬಿತ್ತು, ಆಶ್ಚರ್ಯವಾದದ್ದು ನನಗೇ.

"ನಸ್ರೀನ, ಇವರಿಗೆ ಹೇಳು. ಇದು ದೀಪ ಅಲ್ಲ ಅಂದಿದ್ದಕ್ಕ ನನಗ ಕೊಟ್ಟಾರ. ನಾ ದೀಪ ಹಚ್ಚಾಕ ಬಂದೀನಿ. ಬೆಂಕಿ ಇದ್ರ ಹಚ್ಚತೀನಿ, ಇಲ್ಲಂದ್ರ ಕೆಳಗ ಇಳೀತೀನಿ."

ನಸ್ರೀನ್ ಅದನ್ನು ಮೈಕಿನಲ್ಲಿ ಇಂಗ್ಲಿಷಿಗೆ ಹೇಳಿಯೇಬಿಟ್ಟಳು. ಅಲ್ಲಿಂದ ಐದೈದು ಮಾತಿಗೆ ತರ್ಜುಮೆಯಾಗಿ ಎಲ್ಲರ ಕಿವಿಗೂ ಹೋಯಿತು. ಹೆಲೆನ್ ಹುಬ್ಬು ಏರಿಸಿದಳು, ಇಳಿಸಲಿಲ್ಲ. ನಾಲ್ಕು ಜನ ಒಂದು ಮೂಲೆಯಲ್ಲಿ ಸೇರಿ ಪಿಸುಗುಟ್ಟಿದರು. ಒಂದು ಉಪಸಮಿತಿ ಹುಟ್ಟುವ ಲಕ್ಷಣ ಕಾಣುತ್ತಿತ್ತು. ಅಷ್ಟರಲ್ಲಿ ಹೋಟೆಲಿನ ಮ್ಯಾನೇಜರನೇ ಮುಂದೆ ಬಂದ. ಗುಂಡು ಮುಖದ ಮಲಾಯ್ ಗೃಹಸ್ಥ, ಹೂವಿನ ಅಂಗಿ.

"ಲ್ಯಾಂಪ್ ಕೆನಾಟ್," ಎಂದ. ಸ್ವಲ್ಪ ಯೋಚಿಸಿ, "ಕೇಕ್ ಕ್ಯಾನ್ ಲಾ," ಎಂದ.

ಅವರ ನಿಯಮದಲ್ಲಿ ದೀಪಕ್ಕೆ ಅವಕಾಶವಿಲ್ಲ, ಆದರೆ ಹುಟ್ಟುಹಬ್ಬದ ಕೇಕಿನ ಮೇಲಿನ ಮೇಣದಬತ್ತಿಗೆ ಇದೆ. ಯುದ್ಧದಲ್ಲಿ ಸತ್ತವರಿಗೆ ಇಲ್ಲದ ಬೆಂಕಿ ಹುಟ್ಟಿದವರಿಗೆ ಇತ್ತು. ಅಡುಗೆಮನೆಯಿಂದ ಯಾರದೋ ಹುಟ್ಟುಹಬ್ಬಕ್ಕೆ ಮಾಡಿಟ್ಟಿದ್ದ ಗುಲಾಬಿ ಬಣ್ಣದ ಕೇಕು ಗಾಡಿಯ ಮೇಲೆ ಉರುಳಿಕೊಂಡು ಬಂತು. ನಡುವೆ ಒಂದು ಬಿಳಿ ಮೇಣದಬತ್ತಿ ಸಿಕ್ಕಿಸಿದರು. ಮಂತ್ರಿ ಗಡಿಯಾರ ನೋಡುವುದನ್ನು ಬಿಟ್ಟು ಕೇಕು ನೋಡತೊಡಗಿದ.

ವಿಶಾಲಾಕ್ಷಿಯವರ ಬಾಯಿ ತೆರೆದುಕೊಂಡಿತ್ತು. ಮೇಣದಬತ್ತಿಗೆ ಶಾಸ್ತ್ರ ಏನು ಹೇಳುತ್ತದೆ ಎಂದು ಅವರು ನೆನಪಿಸಿಕೊಳ್ಳುವುದರೊಳಗೆ ನಾನು ಹಚ್ಚಿಬಿಟ್ಟೆ. ಎರಡನೆಯ ಕಡ್ಡಿಗೆ ಹತ್ತಿತು. ನಿಮ್ಮ ಅಜ್ಜನ ಹೆಸರನ್ನು ಬಾಯಿಬಿಟ್ಟು ಹೇಳಿದೆ. ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ. ಹೇಳಿದೆ, ಏನೂ ಆಗಲಿಲ್ಲ.

ಆಗ ಆದ ಫಜೀತಿ ಕೇಳಿ. ಕೇಕಿನ ಮೇಲೆ ಬೆಂಕಿ ಕಂಡೊಡನೆ ಚಪ್ಪಾಳೆ ತಟ್ಟಿ ಹಾಡುವುದು ಆ ಹೋಟೆಲಿನ ಹುಡುಗಿಯರ ಕೆಲಸ. ಗಾಡಿ ತಂದ ಮೂವರೂ ರೂಢಿಯಂತೆ ಹುಟ್ಟುಹಬ್ಬದ ಹಾಡು ಎತ್ತಿಕೊಂಡರು. ಹಿಂದಿನ ಸಾಲಿನ ಕೆಲವು ಗೌರವಾನ್ವಿತರು, ಇದೂ ಕಾರ್ಯಕ್ರಮದ ಭಾಗವೆಂದು ತಿಳಿದು ದನಿಗೂಡಿಸಿದರು. ಸತ್ತ ನಿಮ್ಮ ಅಜ್ಜನ ಫೋಟೊದ ಕೆಳಗೆ ಹದಿನೈದಿಪ್ಪತ್ತು ದೇಶದವರು ಹುಟ್ಟುಹಬ್ಬದ ಶುಭಾಶಯ ಹಾಡಿದರು. ಹಾಡು ಮುಗಿದ ಮೇಲೆ ಹೆಲೆನ್ ನನ್ನ ಕಿವಿಯ ಬಳಿ ಬಗ್ಗಿ, ಊದಿ ಎಂದು ತುಟಿ ಮಾಡಿ ತೋರಿಸಿದಳು.

ನಾನು ತಲೆ ಅಲ್ಲಾಡಿಸಿದೆ. ಈ ಸಲ ಅಡ್ಡಡ್ಡ.

"ಹಚ್ಚಿದ್ದನ್ನ ಯಾರರ ಊದತಾರೇನ?" ಎಂದೆ.

ಆಗ ವಿಶಾಲಾಕ್ಷಿಯವರು ಅದೆಲ್ಲಿಂದಲೋ ಓಡಿ ಬಂದು ನನಗೂ ಕೇಕಿಗೂ ಅಡ್ಡ ನಿಂತರು. "ನೋ ನೋ, ಊದಬಾರದು. ದೀಪ ಊದಿ ಆರಿಸೋದು ಮಹಾ ಅಪಶಕುನ. ತಾನಾಗೇ ಆರಬೇಕು." ನಿನ್ನೆ ನನ್ನನ್ನು ಪಕ್ಕಕ್ಕೆ ಸರಿಸಿದ ಭಯವೇ ಇವತ್ತು ನನ್ನ ಪರ ವಕಾಲತ್ತು ಮಾಡಿತು. ಮ್ಯಾನೇಜರ, ಹಾಡು ಮುಗಿಯುವ ತನಕ ಮಾತ್ರ ಬೆಂಕಿ ಎಂದು ಗೋಗರೆದ. ಬಿಳಿ ನಿಲುವಂಗಿಯವನು ಎದ್ದು, ಸತ್ತವನ ಹೆಸರಿನ ಬೆಂಕಿಯನ್ನು ನಮ್ಮಲ್ಲೂ ಊದುವುದಿಲ್ಲ ಎಂದ. ಹಸಿರು ಟೈಯವನು ಅವನ ಮುಖ ನೋಡದೆಯೇ, ನಮ್ಮಲ್ಲೂ ಇಲ್ಲ ಎಂದ. ಸಭೆಯಲ್ಲಿ ಅವರಿಬ್ಬರೂ ಬಾಯಿಬಿಟ್ಟು ಒಪ್ಪಿದ ಮೊದಲ ಮಾತು ಇದೇ ಅಂತೆ. ಹೆಲೆನ್ ಕಣ್ಣಲ್ಲಿ ನೀರು ತಂದುಕೊಂಡು ಅದನ್ನು ಬರೆದುಕೊಂಡಳು.

ಬತ್ತಿ ಉರಿಯುತ್ತಿತ್ತು. ಯಾರಿಗೂ ಕೂರಲೂ ತಿಳಿಯದು, ನಿಲ್ಲಲೂ ತಿಳಿಯದು. ನಸ್ರೀನ್ ನನ್ನ ಮೊಣಕೈ ತಿವಿದಳು. "ಏನರ ಮಾತಾಡ್ರಿ ಅವ್ವಾರ. ಎಲ್ಲಾರೂ ನಿಮ್ಮನ್ನ ನೋಡಾಕತ್ತಾರ."

ಜನರನ್ನು ನೋಡದೆ, ಬತ್ತಿಯನ್ನು ನೋಡುತ್ತ ಮಾತಾಡಿದೆ.

"ನನ್ನ ಗಂಡಗ ಗುಂಡು ಬಡಿದಿಲ್ಲ. ಅಲ್ಲಿ ಬರದಿದ್ದು ಸುಳ್ಳು. ಅವರು ನೀರು ಕೊಡತಿದ್ರು. ಸೇತುವಿ ನಡುವ ಟ್ಯಾಂಕರ್ ನಿಲ್ಲಿಸಿ ಈ ಕಡಿಯವರಿಗೂ ಆ ಕಡಿಯವರಿಗೂ ಬಿಡತಿದ್ರು. ಸೇತುವಿ ಹಳೇದಾಗೇತಿ, ದುರಸ್ತಿ ಮಾಡಿಸ್ರಿ ಅಂತ ಮ್ಯಾಲಿನವರಿಗೆ ಹೇಳಿದ್ರಂತ. ಅದು ಯಾವ ದಂಡಿಯವರ ಸೇತುವಿ ಅಂತ ತೀರ್ಮಾನ ಆಗಲಿಲ್ಲಂತ. ತೀರ್ಮಾನ ಆಗೂತನಕ ಮಳಿ ನಿಲ್ಲಲಿಲ್ಲ."

ನಸ್ರೀನ್ ಹೇಳುತ್ತ ಹೋದಳು.

ಹಸಿರು ಟೈಯವನು ಕೈ ಎತ್ತಿದ. ಸಂತಾಪ ಹೇಳುತ್ತಾನೆ ಎಂದುಕೊಂಡೆ. ಆ ಸೇತುವೆ ಎಂದಿನಿಂದಲೂ ತಮ್ಮದೇ, ಅದು ಸಭೆಯ ದಾಖಲೆಯಲ್ಲಿ ಬರಬೇಕು ಎಂದ. ಬಿಳಿ ನಿಲುವಂಗಿಯವನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ನದಿಯೇ ತಮ್ಮದಾದ ಮೇಲೆ ಸೇತುವೆ ನಿಮ್ಮದು ಹೇಗೆ ಎಂದ. ಇಬ್ಬರ ದನಿಯೂ ಏರಿತು. ದುಭಾಷಿಗಳು ಪೆಟ್ಟಿಗೆಯೊಳಗೆ ಕೂತು ಐದು ಮಾತಿನಲ್ಲಿ ಜಗಳವಾಡತೊಡಗಿದರು. ಗೋಡೆಯ ಮೇಲೆ ಅಜ್ಜ ನಗುತ್ತಿದ್ದರು, ಎರಡನೇ ಸಲ ಸತ್ತವರ ಹಾಗೆ.

ವೀರೇಶ, ನೀನು ಚಿಕ್ಕವನಿದ್ದಾಗ ಅಕ್ಕನ ಜುಟ್ಟು ಹಿಡಿದು ಎಳೆದರೆ ನಾನು ಯಾವ ದನಿ ತೆಗೆಯುತ್ತಿದ್ದೆನೋ ಅದೇ ದನಿ ನನ್ನಿಂದ ಹ್ಯಾಗೋ ಹೊರಟಿತು.

"ಸುಮ್ನ ಕುಂಡ್ರಿ ಇಬ್ಬರೂ. ಬತ್ತಿ ಆರೂ ತನಕ ಒಂದ್ ಮಾತ್ ಆಡಂಗಿಲ್ಲ. ಆರಿದ ಮ್ಯಾಲ ಬೇಕಾದ್ದ ಮಾಡಕೋರಿ."

ಇದನ್ನು ನಸ್ರೀನ್ ತರ್ಜುಮೆ ಮಾಡಲಿಲ್ಲ. ಬೇಕಾಗಲಿಲ್ಲ. ಇಬ್ಬರೂ ಕೂತರು. ದೇಶದೇಶಗಳವರೆಲ್ಲ ಕೂತರು. ಮಂತ್ರಿಯೂ ಕೈಕಟ್ಟಿ ಕೂತ. ಅಷ್ಟು ದೊಡ್ಡ ಸಭಾಂಗಣದಲ್ಲಿ ತಂಪಿನ ಯಂತ್ರದ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಲೋಕದ ಶಾಂತಿಯನ್ನು ನಾನು ಕಣ್ಣಾರೆ ನೋಡಿದೆ ಮಕ್ಕಳೇ. ಒಂದು ಮೇಣದಬತ್ತಿ ಉರಿಯುವಷ್ಟು ಹೊತ್ತು ಇತ್ತು. ಹುಟ್ಟುಹಬ್ಬದ ಬತ್ತಿ, ಉದ್ದವೂ ಕಡಿಮೆ.

ಬತ್ತಿ ಕರಗಿ ಕ್ರೀಮಿನೊಳಗೆ ಇಳಿದು ಚುರ್ ಎಂದು ತಾನಾಗಿಯೇ ಆರಿತು. ಹಸಿರು ಟೈಯವನು ಒಡನೆಯೇ ಕೈ ಎತ್ತಿದ.

ಮೆಲಾಕಾ

ಇದನ್ನು ನಸ್ರೀನಳ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಸಭೆ ಇನ್ನೆರಡು ದಿನ ನಡೆಯಿತು. ನಾನು ನಿಲ್ಲಲಿಲ್ಲ, ನನ್ನ ಕೆಲಸ ಮುಗಿದಿತ್ತು. ಹೊರಡುವಾಗ ವಿಶಾಲಾಕ್ಷಿಯವರು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಅಮ್ಮ, ಯು ವರ್ ಸೋ ಬ್ರೇವ್. ನಾನು ಒಳಗೊಳಗೇ ನಿಮ್ಮ ಕಡೆನೇ ಇದ್ದೆ," ಎಂದರು. ಒಳಗೊಳಗೇ ನನ್ನ ಕಡೆ ಇದ್ದವರು ನಮ್ಮೂರಲ್ಲೂ ಬಹಳ ಜನ ಇದ್ದಾರೆ ಎಂದು ಹೇಳಬೇಕೆನ್ನಿಸಿತು. ಅವರ ಕೈ ಬಹಳ ಮೆತ್ತಗಿತ್ತು, ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಸಭೆಯ ಕೊನೆಯ ಘೋಷಣೆ ನಸ್ರೀನಳ ಫೋನಿಗೆ ಬಂತು. ತಿಂಡಿ ತಿನ್ನುತ್ತ ಓದಿ ಹೇಳಿದಳು. ಶಾಶ್ವತ ಶಾಂತಿಯಲ್ಲಿ ಮಹಿಳೆಯರ ಪಾತ್ರ ಮಹತ್ವದ್ದೆಂದು ಸಭೆ ಮನಗಂಡಿದೆ. ಸೇತುವೆಯ ಪ್ರಶ್ನೆಯನ್ನು ಮುಂದಿನ ಸಭೆಗೆ ಬಿಟ್ಟಿದೆ. ಮುಂದಿನ ಸಭೆ ಸಮುದ್ರದಂಡೆಯ ಇನ್ನೊಂದು ಒಳ್ಳೆಯ ಊರಿನಲ್ಲಿ.

"ನಾವು ಹೇಳಿದ್ದು ಏನರ ಬಂದೈತೇನ ಅದರಾಗ?" ಎಂದು ಕೇಳಿದೆ.

ಅವಳು ಬೆರಳಿನಿಂದ ಮೇಲೆ ಕೆಳಗೆ ಸರಿಸಿ ನೋಡಿದಳು. "ಬಂದೈತ್ರಿ. 'ಸಾಂಪ್ರದಾಯಿಕ ರೀತಿಯಲ್ಲಿ ದೀಪ ಬೆಳಗಿಸಲಾಯಿತು.'"

ಇಬ್ಬರೂ ನಕ್ಕೆವು. ಅವಳ ಕಣ್ಣಿಂದ ನೀರು ಬರುವಷ್ಟು.

ಅಲ್ಲಿ ಯಾರು ಬೆಳಗಿಸಿದರು ಎಂದು ಬರೆದಿಲ್ಲ. ಅದಕ್ಕೇ ನಾನು ಬರೆದಿಟ್ಟಿದ್ದು. ಅಕ್ಷತಾ, ನಿನ್ನ ಮದುವೆ ಬರುತ್ತಿದೆ. ಆ ದಿನ ನಾನು ಅಡುಗೆಮನೆಯಲ್ಲಿ ಇರುವುದಿಲ್ಲ. ಹಂದರದೊಳಗೆ ಮುಂದೆ ಬಂದು, ನಿನ್ನ ದೀಪವನ್ನು ನಾನು ಹಚ್ಚುತ್ತೇನೆ. ನಿಮ್ಮಪ್ಪ ಮುಖ ಗಂಟಿಕ್ಕುತ್ತಾನೆ, ಬೀಗರು ಪಿಸುಗುಟ್ಟುತ್ತಾರೆ, ನಮ್ಮ ಮನೆಯ ಹೆಂಗಸರೇ ಮೆತ್ತಗೆ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆಯುತ್ತಾರೆ. ಅಷ್ಟು ಜನರ ಮುಂದೆ ಆಗ ನನ್ನ ಗಂಟಲು ಕಟ್ಟಿದರೂ ಕಟ್ಟೀತು. ನೀನು ಮದುವಣಗಿತ್ತಿ, ನಿನಗೆ ಮಾತಾಡಲು ಬಿಡುವುದಿಲ್ಲ. ವೀರೇಶ, ಆಗ ನೀನು ಎದ್ದು ಇದನ್ನು ಗಟ್ಟಿಯಾಗಿ ಓದಬೇಕು. ಓದಿ ಮುಗಿಯುವುದರೊಳಗೆ ನಾನು ಹಚ್ಚಿರುತ್ತೇನೆ.

ಆ ದಿನ ಬರುವವರೆಗೆ ಈ ಹಾಳೆಗಳನ್ನು ಜೋಪಾನವಾಗಿಡಿ. ನೀರು ತಾಗದ ಕಡೆ ಇಡಿ, ನಿಮ್ಮಪ್ಪನ ಕೈಗೆ ಸಿಗದ ಕಡೆ ಇಡಿ.